ಶಾಸನದ ಹಲ್ಮಿಡಿ, ಉಳುವವರ ಹಲ್ಮಿಡಿ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿ ಇರಲಾರ. ಆದರೆ ಆ ಹೆಸರು ನಮ್ಮಲ್ಲಿ ಬಹುಮಂದಿಗೆ ನೆನಪಿಸುವುದು ಒಂದು ಶಾಸನವನ್ನೇ ಹೊರತು ಒಂದು ಊರನ್ನಲ್ಲ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹದಿನಾರು ಸಾಲುಗಳ ಈ ಬರಹದ ಕಾಲ ಕ್ರಿ.ಶ. 450ರ ಸುಮಾರೋ ಅಥವಾ ಅದಕ್ಕೂ ಈಚಿನದೋ, ಮೊದಲ ಶಾಸನವೆಂಬ ಸ್ಥಾನ ಇದಕ್ಕೋ ತಾಳಗುಂದದ ಸಿಂಹಕಟಾಂಜನ ಶಾಸನಕ್ಕೋ ಎಂಬ ಚರ್ಚೆ ಇನ್ನೂ ನಡೆದಿದೆ. ಚರ್ಚೆ ಅಗತ್ಯವೇ. ಆದರೆ ಅದರ ಭರದಲ್ಲಿ ಊರಿನ ಚರಿತ್ರೆ ಕಲ್ಲಿನ ಬಳಿಯಲ್ಲೇ ನಿಂತುಬಿಟ್ಟಿದೆ.

ಶಾಸನ ಮೂಲತಃ ಒಂದು ದಾನಪತ್ರ. ಕಾಳಗದಲ್ಲಿ ಪರಾಕ್ರಮ ಮೆರೆದ ವಿಜಅರಸನಿಗೆ ಬಾಳ್ಗೞ್ಚಾಗಿ ಪಲ್ಮಡಿ, ಮೂೞಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟ ಸಂಗತಿ ಅದರಲ್ಲಿದೆ. ಕೊನೆಯಲ್ಲಿ ಭಟ್ಟರಿಗೆ ಬಿಟ್ಟ, ಕರವಿಲ್ಲದ ಹತ್ತನೆಯ ಒಂದು ಪಾಲಿನ ಉಲ್ಲೇಖವಿದ್ದು, ಅಲ್ಲಿ ‘ಗೞ್ದೆ’ ಎಂಬ ಪದ ಬರುತ್ತದೆ. ಅದೇ ಇಂದಿನ ‘ಗದ್ದೆ’. ಕನ್ನಡದ ಅತಿ ಪ್ರಾಚೀನ ಬರಹಗಳಲ್ಲೊಂದು ಗದ್ದೆಯ ಮಾತಿನಿಂದ ಮುಗಿಯುತ್ತದೆಂಬುದು ಸಣ್ಣ ವಿಷಯವಲ್ಲ. ಕೊಟ್ಟವರ ಹೆಸರಿದೆ, ಪಡೆದವನ ಹೆಸರಿದೆ. ಗದ್ದೆಯನ್ನು ಉತ್ತವರ ಹೆಸರಾಗಲಿ ಎಣಿಕೆಯಾಗಲಿ ಇಲ್ಲ. ಮುಂದಿನ ಶತಮಾನಗಳ ಶಾಸನಗಳೂ ಮತ್ತರು, ಕಮ್ಮಗಳ ಲೆಕ್ಕದಲ್ಲಿ ಭೂಮಿಯನ್ನು ಅಳೆದವು. ಒಕ್ಕಲುಗಳ ತಲೆಯೆಣಿಕೆ ಅವುಗಳ ಉದ್ದೇಶವಾಗಿರಲಿಲ್ಲ.

ಹಾಗಾದರೆ ಆ ಜನರ ಸುಳಿವು ಎಲ್ಲಿದೆ? ಊರಿನ ಹೆಸರಿನಲ್ಲೇ ಇದೆ. ಕಲ್ಲಿನ ಪಲ್ಮಡಿ ಇಂದು ಹಲ್ಮಿಡಿ. ಪಕಾರ ಹಕಾರವಾಗುವ ಪರಿವರ್ತನೆಯನ್ನು ನಾವು ತರಗತಿಯಲ್ಲಿ ಸೂತ್ರವಾಗಿ ಕಲಿಸುತ್ತೇವೆ. ಆದರೆ ಕಲ್ಲಿನ ಮೇಲಿನ ಅಕ್ಷರ ತಾನಾಗಿ ಬದಲಾಗದು. ಬಾಯಿಂದ ಬಾಯಿಗೆ ಸಾಗುವ ಹೆಸರು ಮಾತ್ರ ಬದಲಾಗುತ್ತದೆ. ಈ ಊರಿನ ಮತ್ತು ನೆರೆಯೂರುಗಳ ಜನ ತಲೆಮಾರುಗಳುದ್ದಕ್ಕೂ ಆ ಹೆಸರನ್ನು ಉಚ್ಚರಿಸುತ್ತ ಬಂದರೆಂಬುದಕ್ಕೆ ಈ ಹಕಾರವೇ ಸಾಕ್ಷಿ. ಶಾಸನ ಬರೆಸದವರು ಉಳಿಸಿಹೋದ ದಾಖಲೆಯಿದು.

ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧ ಜನಗಣತಿ ಆರಂಭವಾದದ್ದು 1871ರಲ್ಲಿ. ಆಗ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ನಡುವೆ 1876–78ರ ಭೀಕರ ಕ್ಷಾಮವಿತ್ತು. ಈ ಕುಸಿತ ಯಾವ ರಾಜವಂಶದ ಪಲ್ಲಟಕ್ಕಿಂತಲೂ ಹಳ್ಳಿಯ ಬದುಕನ್ನು ಹೆಚ್ಚು ಕದಡಿರಬೇಕು. ಆದರೂ ನಮ್ಮ ಗ್ರಾಮಚರಿತ್ರೆಗಳು ಕದಂಬ, ಗಂಗ, ಹೊಯ್ಸಳ, ವಿಜಯನಗರ ಎಂದು ಅರಸರನ್ನು ಸಾಲಾಗಿ ಹೆಸರಿಸಿ ಮುಗಿಯುತ್ತವೆ. ಊರೂರಿನ ಮನೆಗಳು, ಗಂಡಸರು, ಹೆಂಗಸರು, ನೀರಾವರಿ ಭೂಮಿ ಇವೆಲ್ಲವನ್ನೂ ಕೋಷ್ಟಕವಾಗಿ ಕೊಡುವ ಜಿಲ್ಲಾ ಜನಗಣತಿ ಕೈಪಿಡಿಗಳನ್ನು ಸಾಹಿತ್ಯದ ಸಂಶೋಧಕರು ತೆರೆಯುವುದು ಅಪರೂಪ.

ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತಿದೆ. ಪಾರಸಿ ಮೂಲದಲ್ಲಿ ಅದರ ಅರ್ಥ ‘ದೀಪವಿಲ್ಲದ್ದು’. ಎಲ್ಲೆ, ಸರ್ವೆ ನಂಬರು, ಹೊಲಗದ್ದೆ ಎಲ್ಲವೂ ಇದ್ದು ವಾಸಿಸುವ ಜನರಿಲ್ಲದ ಊರು ಅದು. ಅರಸರ ಪಟ್ಟಿಯನ್ನಷ್ಟೇ ಕೊಡುವ ನಮ್ಮ ಅನೇಕ ಗ್ರಾಮಚರಿತ್ರೆಗಳೂ ಇಂಥ ಬೇಚರಾಕ್ ಬರಹಗಳೇ.

ಹಲ್ಮಿಡಿಯ ಮೂಲಶಿಲೆ ಊರನ್ನು ಬಿಟ್ಟು ಸಂಗ್ರಹಾಲಯ ಸೇರಿದೆ. ಊರಿನ ಮಂಟಪದಲ್ಲಿರುವುದು ಪ್ರತಿಕೃತಿ. ರಕ್ಷಣೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಹೊಲಗದ್ದೆಗಳ ಹೆಸರು, ಕೆರೆ ತೂಬುಗಳ ಹೆಸರು, ಹಾಳೂರಿನ ನೆನಪುಗಳಿಗೆ ಸಂಗ್ರಹಾಲಯವಿಲ್ಲ. ಉಳುವವರು ನಗರಕ್ಕೆ ಹೊರಟಂತೆ ಅವು ಅವರೊಡನೆಯೇ ಹೋಗುತ್ತವೆ. ಆದ್ದರಿಂದ ಶಾಸನಶಾಸ್ತ್ರ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಊರನ್ನು ಆಯ್ದುಕೊಂಡು, ಅದರ ಶಾಸನ, ಜನಗಣತಿಯ ಅಂಕಿ, ಹೊಲಗಳ ಹೆಸರು ಈ ಮೂರನ್ನೂ ಒಟ್ಟಿಗಿಟ್ಟು ಓದಬೇಕು. ಆಗ ಮಾತ್ರ ‘ಗೞ್ದೆ’ ಎಂಬ ಪದದ ಹಿಂದೆ ಕೆಸರಿನಲ್ಲಿ ನಿಂತಿದ್ದವರು ನಮಗೆ ಕಾಣಿಸಿಯಾರು.