ಗಾಳಿಸುದ್ದಿಯನ್ನು ತೂಗುವವರು ಯಾರು?

2016ರ ನವೆಂಬರಿನಲ್ಲಿ, ನೋಟು ರದ್ದಾದ ಕೆಲವೇ ದಿನಗಳಲ್ಲಿ, ಉತ್ತರದ ಊರುಗಳಲ್ಲಿ ಉಪ್ಪು ತೀರಿತೆಂಬ ಸುದ್ದಿ ಹಬ್ಬಿ ಜನ ಅಂಗಡಿಗಳಿಗೆ ಮುಗಿಬಿದ್ದರು. ಮೂರು ಕಡೆ ಸಮುದ್ರವಿರುವ ದೇಶದಲ್ಲಿ! ಇದಕ್ಕೆ ನಗಬಹುದು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ನಡೆದುದಕ್ಕೆ ನಗುವಂತಿಲ್ಲ. ಮಕ್ಕಳಿಗೆ ಚಾಕೊಲೇಟು ಕೊಟ್ಟ ತರುಣರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್ ಸಾರಿತು; ಮುರ್ಕಿಯಲ್ಲಿ ಜನ ಅವರನ್ನು ಅಡ್ಡಗಟ್ಟಿ ಬಡಿದರು. ಹೈದರಾಬಾದಿನ ಒಬ್ಬ ತರುಣ ಸತ್ತ.

ಸುಳ್ಳುಸುದ್ದಿಗೆ ಕೇಂದ್ರ ಸರ್ಕಾರ 2023ರಲ್ಲಿ ಕಂಡ ಮದ್ದೇನು? ತನ್ನ ವ್ಯವಹಾರದ ಸುದ್ದಿಯಲ್ಲಿ ಸುಳ್ಳಾವುದೆಂದು ತನ್ನದೇ ಘಟಕ ತೀರ್ಮಾನಿಸಬೇಕೆಂಬ ನಿಯಮ. ತೂಕದ ತಕರಾರಿಗೆ ಅಂಗಡಿಯವನ ತಕ್ಕಡಿಯನ್ನೇ ಸಾಕ್ಷಿಗೆ ಕರೆದಂತೆ (ವ್ಯಾಪಾರಿ ಮಿತ್ರರು ಮನ್ನಿಸಬೇಕು). 2024ರ ಸೆಪ್ಟೆಂಬರಿನಲ್ಲಿ ಮುಂಬಯಿ ಹೈಕೋರ್ಟು ಅದನ್ನು ರದ್ದುಮಾಡಿದುದು ಸರಿಯೇ.

ಹಾಗೆಂದು ಸರ್ಕಾರದ ಮಾತೆಲ್ಲ ಸುಳ್ಳು, ಎಲ್ಲವೂ ಸಂಚು ಎನ್ನುವುದು ಬರಿಯ ಸೋಮಾರಿತನ. ಉಪ್ಪಿಗೆ ಕೊರತೆಯಿಲ್ಲವೆಂದು ಅದು ಅಂದು ಹೇಳಿದ್ದು ನಿಜವಾಗಿತ್ತು. ಗಿರಣಿ ಮುಚ್ಚುತ್ತದೆಂದು ಯಾರಾದರೂ ಅಂದರೆ ನಾವು ನಂಬಿ ಮನೆಗೆ ಹೋಗುತ್ತೇವೆಯೆ? ನೋಟೀಸು ಎಲ್ಲಿ, ಸಹಿ ಯಾರದು, ತಾರೀಖು ಯಾವುದು ಎಂದು ಕೇಳುತ್ತೇವೆ. ಮೊಬೈಲಿಗೆ ಬಂದ ಸುದ್ದಿಗೂ ಅದನ್ನೇ ಕೇಳೋಣ. ಉತ್ತರ ಸಿಗುವ ತನಕ ಅದು ನಮ್ಮ ಜೇಬಿನಲ್ಲೇ ಇರಲಿ.