ಮುಡಿ ಕೊಟ್ಟವರನ್ನು ನೋಡುವ ಕಣ್ಣಿನಿಂದಲೇ ನಮ್ಮನ್ನೂ ನೋಡಿ

ಬನ್ನೂರು, ನರಸೀಪುರ, ನಂಜನಗೂಡು ಸೀಮೆಯ ನನ್ನ ಅಕ್ಕತಂಗಿಯರಲ್ಲಿ, ಅಣ್ಣತಮ್ಮಂದಿರಲ್ಲಿ ಕೈಮುಗಿದು ಒಂದು ಮನವಿ.

ಬೋಳಿಸಿದ ತಲೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಯಾವ ಸೋಮವಾರ ಬೇಕಾದರೂ ನಂಜನಗೂಡಿಗೆ ಹೋಗಿ ನೋಡಿ, ಮನೆಮಂದಿಯೆಲ್ಲ ಸಾಲಾಗಿ ಕೂತು ನಂಜುಂಡೇಶ್ವರನಿಗೆ ಮುಡಿ ಕೊಡುತ್ತಿರುತ್ತಾರೆ. ಮಾದಪ್ಪನ ಬೆಟ್ಟದಲ್ಲೂ ಅಷ್ಟೆ. ಕಪಿಲೆಯಲ್ಲಿ ಮಿಂದು, ನುಣ್ಣಗಾದ ತಲೆಗೆ ಗಂಧ ಬಳಿದುಕೊಂಡು ಬಸ್ಸು ಹತ್ತಿದ ಹೆಂಗಸನ್ನು ಯಾರೂ ಕೆಕ್ಕರಿಸಿ ನೋಡುವುದಿಲ್ಲ. "ಮುಡಿ ಕೊಟ್ರಾ ಅವ್ವ, ಒಳ್ಳೇದಾಯ್ತದೆ ಬುಡಿ" ಅನ್ನುತ್ತಾರೆ, ಜರುಗಿ ಜಾಗ ಮಾಡಿಕೊಡುತ್ತಾರೆ.

ಇನ್ನೊಬ್ಬಳು ಮೈಸೂರಿನಲ್ಲಿ ಕೀಮೋ ಹಾಕಿಸಿಕೊಂಡು ತಲೆಗೆ ಬಟ್ಟೆ ಸುತ್ತಿಕೊಂಡು ಬನ್ನೂರು ಬಸ್ಸು ಹತ್ತುತ್ತಾಳೆ. ಅವಳ ಪಕ್ಕದ ಸೀಟು ಖಾಲಿಯೇ ಉಳಿಯುತ್ತದೆ. ಹಿಂದಿನ ಸೀಟಿನಲ್ಲಿ ಪಿಸುಮಾತು ಏಳುತ್ತದೆ. ಯಾರೋ ಒಬ್ಬರು ಧೈರ್ಯ ಮಾಡಿ, "ಆ ಕಾಯಿಲೆನಾ?" ಎಂದು ಕೇಳುತ್ತಾರೆ. ನಮ್ಮಲ್ಲಿ ಕ್ಯಾನ್ಸರಿನ ಹೆಸರನ್ನೂ ಬಾಯಿಬಿಟ್ಟು ಹೇಳುವುದಿಲ್ಲವಲ್ಲ. ನಾನು ಆ ಸೀಟಿನಲ್ಲಿ ಕೂತು ಬಂದವಳು. ಈಗ ಗುಣವಾಗಿದ್ದೇನೆ, ಕೂದಲೂ ಬಂದಿದೆ. ನನಗಾಗಿ ಏನೂ ಕೇಳುತ್ತಿಲ್ಲ. ಈಗ ಆ ಸೀಟಿನಲ್ಲಿ ಕೂತಿರುವವರಿಗಾಗಿ ಕೇಳುತ್ತಿದ್ದೇನೆ. ಹರಕೆಯ ತಲೆಗೆ ನೀವು ತೋರುವ ಮರ್ಯಾದೆಯನ್ನು ಕೀಮೋದ ತಲೆಗೂ ತೋರಿಸಿ. ಕ್ಯಾನ್ಸರ್ ಅಂಟುವ ಕಾಯಿಲೆಯಲ್ಲ, ಪಕ್ಕದಲ್ಲಿ ಕೂತರೆ ಬರುವುದಿಲ್ಲ. ಕೂತು ಊರಿನ ಮಾತು ಆಡಿ.

ಕೂದಲು ಯಾಕೆ ಉದುರುತ್ತದೆ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಕ್ಯಾನ್ಸರಿನ ಜೀವಕೋಶಗಳು ಬೇಗಬೇಗ ಒಡೆದು ಹೆಚ್ಚುತ್ತವೆ. ಹಾಗೆ ಹೆಚ್ಚುವ ಕೋಶಗಳನ್ನು ಹುಡುಕಿ ಕೊಲ್ಲುವುದೇ ಕೀಮೋ ಔಷಧಿಯ ಕೆಲಸ. ಕೂದಲ ಬುಡದ ಕೋಶಗಳೂ ಅದೇ ವೇಗದಲ್ಲಿ ಹೆಚ್ಚುವಂಥವು. ತಲೆಯ ಹತ್ತು ಕೂದಲಲ್ಲಿ ಸುಮಾರು ಒಂಬತ್ತು ಸದಾ ಬೆಳೆಯುವ ಹಂತದಲ್ಲೇ ಇರುತ್ತವೆ. ಔಷಧಿಗೆ ಇದು ರೋಗದ್ದು, ಇದು ಕೂದಲಿನದು ಎಂಬ ಭೇದ ತಿಳಿಯುವುದಿಲ್ಲ. ಬಾಯಿ ಹುಣ್ಣಾಗುವುದಕ್ಕೂ ಹೊಟ್ಟೆ ಕೆಡುವುದಕ್ಕೂ ಕಾರಣ ಇದೇ. ಹಾಗೆಂದು ಎಲ್ಲ ಔಷಧಿಗೂ ಕೂದಲು ಹೋಗುವುದಿಲ್ಲ. ಸ್ತನ ಕ್ಯಾನ್ಸರಿಗೆ ಕೊಡುವ ಕೆಂಪು ಬಣ್ಣದ ಡಾಕ್ಸೊರುಬಿಸಿನ್‌ಗೆ, ಪ್ಯಾಕ್ಲಿಟ್ಯಾಕ್ಸೆಲ್‌ಗೆ, ಡೋಸಿಟ್ಯಾಕ್ಸೆಲ್‌ಗೆ ಸಾಮಾನ್ಯವಾಗಿ ಪೂರ್ತಿ ಹೋಗುತ್ತದೆ. ಕೆಪೆಸಿಟಬಿನ್ ಮಾತ್ರೆಯಂಥದ್ದಕ್ಕೆ ಹೆಚ್ಚೆಂದರೆ ತೆಳ್ಳಗಾಗುತ್ತದೆ. ನಮ್ಮವರು 'ಕರೆಂಟ್ ಕೊಡೋದು' ಎನ್ನುವ ರೇಡಿಯೇಷನ್‌ನಲ್ಲಿ, ಕರೆಂಟ್ ಕೊಟ್ಟ ಜಾಗದ ಕೂದಲು ಮಾತ್ರ ಹೋಗುತ್ತದೆ. ಎದೆಗೆ ಕೊಟ್ಟರೆ ತಲೆಗೂದಲಿಗೆ ಏನೂ ಆಗುವುದಿಲ್ಲ. ಚಿಕಿತ್ಸೆ ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಿ: ನನಗೆ ಕೊಡುವ ಔಷಧಿಗೆ ಕೂದಲು ಹೋಗುತ್ತದಾ? ಕೇಳಲು ನಾಚಿಕೆ ಬೇಡ.

ಮೊದಲ ಡೋಸ್ ಆಗಿ ಎರಡು ಮೂರು ವಾರಕ್ಕೆ ಕೂದಲು ಉದುರುವುದು ಶುರುವಾಗುತ್ತದೆ. ಅದಕ್ಕೂ ಒಂದೆರಡು ದಿನ ಮುಂಚೆ, ಬಿಗಿಯಾಗಿ ಹೆಣೆದ ಜಡೆಯನ್ನು ರಾತ್ರಿ ಬಿಚ್ಚಿದಾಗ ಬುಡವೆಲ್ಲ ನೋಯುವಂತೆ ನೆತ್ತಿ ನೋಯುತ್ತದೆ. ಆಮೇಲೆ ತಲೆಗೆ ನೀರು ಹಾಕಿಕೊಂಡ ದಿನ ಹಿಡಿಹಿಡಿಯಾಗಿ ಕೈಗೆ ಬರುತ್ತದೆ. ಬಚ್ಚಲ ಮೋರಿಗೆ ಕೂದಲು ಕಟ್ಟಿಕೊಂಡು ನೀರು ನಿಲ್ಲುತ್ತದೆ. ಸೀಗೆಯ ನೊರೆ ಇನ್ನೂ ತಲೆಯ ಮೇಲೇ ಇರುತ್ತದೆ, ಉಜ್ಜಲು ಕೈ ಏಳುವುದಿಲ್ಲ. ಸ್ತನವನ್ನೇ ಕಳೆದುಕೊಂಡಾಗ ಅಳದಿದ್ದವರೂ ಬಚ್ಚಲಲ್ಲಿ ಕೂತು ಅತ್ತದ್ದನ್ನು ನನಗೆ ಹೇಳಿದ್ದಾರೆ. ಸ್ತನ ಸೆರಗಿನ ಒಳಗಿನ ಮಾತು, ಕೂದಲು ಬೀದಿಗೆ ಕಾಣುವ ಮಾತು. ಅದಕ್ಕೇ "ಕೂದಲು ತಾನೆ, ಬರುತ್ತೆ ಬಿಡು" ಎಂದು ದಯವಿಟ್ಟು ಅನ್ನಬೇಡಿ. ಬರುತ್ತದೆ ಎಂದು ಅವಳಿಗೂ ಗೊತ್ತಿದೆ. ಆ ಹೊತ್ತಿಗೆ ಸುಮ್ಮನೆ ಬಳಿಯಲ್ಲಿ ಕೂತಿರಿ, ಬಚ್ಚಲನ್ನು ನೀವೇ ಬಳಿದುಬಿಡಿ.

ಉದುರುವುದಕ್ಕೆ ಕಾಯದೆ ಮೊದಲೇ ಗಿಡ್ಡಗೆ ಕತ್ತರಿಸಿಕೊಂಡರೆ ಸಂಕಟ ಎಷ್ಟೋ ಕಡಿಮೆ. ಇಲ್ಲಿ ನಮ್ಮ ಕ್ಷೌರಿಕ ಅಣ್ಣಂದಿರ ನೆರವು ಬೇಕು. ಯಾರಾದರೂ ಬಂದು ಮನೆಯಲ್ಲಿ ಹೀಗಾಗಿದೆ ಎಂದು ಹೇಳಿದರೆ, ಅಂಗಡಿಗೆ ಕರೆಸದೆ ಅವರ ಮನೆಗೇ ಹೋಗಿಬನ್ನಿ. ಕತ್ತಿ ಬೇಡ, ಬ್ಲೇಡ್ ಬೇಡ, ಸ್ಪಿರಿಟ್ಟಿನಲ್ಲಿ ಒರೆಸಿದ ಮೆಷಿನ್ ಸಾಕು. ಕೀಮೋ ಆದ ಒಂದೆರಡು ವಾರದಲ್ಲಿ ರಕ್ತದ ಬಿಳಿಕಣ ಇಳಿದಿರುತ್ತದೆ, ಒಂದು ಸಣ್ಣ ಗೀರೂ ಕೀವಾಗಿ ಜ್ವರಕ್ಕೆ ತಿರುಗಬಹುದು. ಬನ್ನೂರಿನಲ್ಲಿ, ನರಸೀಪುರದಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ತಂಗಿಯರೂ ಇದಕ್ಕೆ ಮನಸ್ಸು ಮಾಡಬೇಕು. ಗಂಡಸಿನ ಮುಂದೆ ತಲೆಯೊಡ್ಡಲು ಆಗದ ಹೆಂಗಸರು ಬಹಳ ಇದ್ದಾರೆ. ಬೇರೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಾಗಿಲ ಪರದೆ ಎಳೆದು ಅರ್ಧ ಗಂಟೆ ಕೊಟ್ಟರೆ ಅವರಿಗೆ ಅದೇ ದೊಡ್ಡ ಉಪಕಾರ.

ತಲೆಗೆ ಸುತ್ತಿಕೊಳ್ಳಲು ನಮ್ಮ ಬಿಸಿಲಿಗೆ ಹಳೇ ಹತ್ತಿ ಸೀರೆಯ ತುಂಡಿಗಿಂತ ಒಳ್ಳೆಯದು ನಾನು ಕಂಡಿಲ್ಲ. ನೈಲಾನು, ಪಾಲಿಯೆಸ್ಟರು ಜಾರುತ್ತವೆ, ಕೆರೆತ ತರುತ್ತವೆ. ವಿಗ್ ಬೇಕೆನ್ನುವವರು ಧಾರಾಳವಾಗಿ ಹಾಕಿಕೊಳ್ಳಲಿ, ಮದುವೆಮನೆಗೆ ಹೋಗುವ ಧೈರ್ಯ ಅದರಿಂದ ಬರುವುದಾದರೆ ಅದೂ ಔಷಧಿಯೇ. ಆದರೆ ನಿಜಕೂದಲಿನ ವಿಗ್ಗಿನ ಬೆಲೆ ಕೂಲಿ ಮಾಡುವವರ ಕೈಗೆಟುಕುವುದಿಲ್ಲ. ತ್ರಿಶೂರಿನ ಅಮಲ ಆಸ್ಪತ್ರೆಯವರು ದಾನವಾಗಿ ಬಂದ ಕೂದಲಿನಿಂದ ವಿಗ್ ಮಾಡಿಸಿ ರೋಗಿಗಳಿಗೆ ಉಚಿತವಾಗಿ ಕೊಡುತ್ತಾರೆ. ಇಷ್ಟು ಮುಡಿ ಬೀಳುವ ನಮ್ಮ ಸೀಮೆಯಲ್ಲಿ ಅಂಥದೊಂದು ಕೆಲಸ ಯಾಕೆ ಆಗಬಾರದು? ಭಕ್ತರ ಉದ್ದಗೂದಲಲ್ಲಿ ಒಂದು ಪಾಲು ಬಡ ರೋಗಿಗಳ ತಲೆಗೆ ಸಿಗುವಂತೆ ದೇವಸ್ಥಾನದ ಆಡಳಿತದವರು ಯೋಚಿಸಲಿ ಎಂದು ಕೇಳಿಕೊಳ್ಳುತ್ತೇನೆ. ದೇವರಿಗೆ ಕೊಟ್ಟದ್ದು ಕಷ್ಟದಲ್ಲಿರುವವರಿಗೆ ಸಂದರೆ ಹರಕೆಗೆ ಕುಂದಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಈಗ ನನಗೆ ಎಲ್ಲಕ್ಕಿಂತ ನೋವು ತಂದ ಮಾತಿಗೆ ಬರುತ್ತೇನೆ. ಒಂದು ವರಮಹಾಲಕ್ಷ್ಮಿ ಹಬ್ಬದ ಸಂಜೆ, ಗೊತ್ತಿರುವವರ ಮನೆಗೇ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಸಾಲಾಗಿ ಕೂತವರಿಗೆಲ್ಲ ಮನೆಯಾಕೆ ಮಲ್ಲಿಗೆ ಮುಡಿಸುತ್ತ ಬಂದರು. ನನ್ನ ಮುಂದೆ ಅವರ ಕೈ ನಿಂತಿತು. ಮೊಳ ಹೂವು ಕೈಯಲ್ಲೇ ಇತ್ತು. ಎಲ್ಲಿಗೆ ಮುಡಿಸುವುದೆಂದು ತೋಚದೆ ಕುಂಕುಮ ಮಾತ್ರ ಇಟ್ಟು ಮುಂದಕ್ಕೆ ಹೋದರು. ಕೆಟ್ಟವರಲ್ಲ, ಗಾಬರಿಯಾದರು ಅಷ್ಟೆ. ಹೂವನ್ನು ಕೈಗೆ ಕೊಡಬಹುದಿತ್ತು. ತಲೆಬಟ್ಟೆಗೆ ಪಿನ್ ಹಾಕಿ ಸಿಕ್ಕಿಸಬಹುದಿತ್ತು. ನಿಮ್ಮ ಮನೆಗೆ ಅಂಥವರು ಬಂದರೆ ಹಾಗೆ ಮಾಡಿ. ಗೌರಿ ಬಾಗಿನ ಕೊಡುವಾಗ ಅವರ ಮನೆಯನ್ನು ದಾಟಿಕೊಂಡು ಹೋಗಬೇಡಿ.

ಆ ಗಾಬರಿ ಎಲ್ಲಿಂದ ಬರುತ್ತದೆ ಎಂಬುದೂ ನಮಗೆ ಗೊತ್ತಿರುವುದೇ. ಕೆಲವು ಮನೆತನಗಳಲ್ಲಿ ಗಂಡ ಸತ್ತವಳ ತಲೆ ಬೋಳಿಸುತ್ತಿದ್ದ ಕಾಲ ತೀರ ಹಳೆಯದೇನಲ್ಲ. ಎಂ.ಕೆ. ಇಂದಿರಾ 1976ರಲ್ಲಿ ಬರೆದ 'ಫಣಿಯಮ್ಮ' ಅಂಥ ಒಬ್ಬ ಹೆಣ್ಣಿನ ಕತೆ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಪದ್ಧತಿ ಹೋಯಿತು, ಹೆಂಗಸಿನ ಬೋಳುತಲೆ ಅಪಶಕುನ ಎಂಬ ಅಂಜಿಕೆ ಮಾತ್ರ ನಮ್ಮೊಳಗೆ ಉಳಿದುಕೊಂಡಿದೆ. ಅಷ್ಟೇ ಅಲ್ಲ, ಗಂಡನನ್ನು ಕಳೆದುಕೊಂಡವಳಿಗೂ ಹೂವು ಕೊಡದಿರುವುದು ಇವತ್ತಿಗೂ ತಪ್ಪೇ. ಇಬ್ಬರಿಗೂ ಕೊಡಿ.

ಕೂದಲು ಮತ್ತೆ ಬರುವ ಮಾತು. ಕೊನೆಯ ಕೀಮೋ ಮುಗಿದು ಒಂದು ಒಂದೂವರೆ ತಿಂಗಳಿಗೆ ಎಳೆಕೂಸಿನ ಕೂದಲಿನಂಥ ನವಿರು ಕಾಣುತ್ತದೆ. ಎರಡು ಮೂರು ತಿಂಗಳಿಗೆ ನೆತ್ತಿ ಮುಚ್ಚುತ್ತದೆ. ಆಮೇಲೆ ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು, ಎಲ್ಲರ ಕೂದಲು ಬೆಳೆಯುವ ಹಾಗೆಯೇ. ಎರಡಡಿ ಜಡೆ ಬೇಕೆಂದರೆ ಸುಮಾರು ಐದು ವರ್ಷ ಹಿಡಿಯುತ್ತದೆ. ನೆಟ್ಟಗಿದ್ದ ಕೂದಲು ಗುಂಗುರಾಗಿ ಬರಬಹುದು, ಕಪ್ಪಿದ್ದದ್ದು ಬೂದಾಗಿ ಬರಬಹುದು. ಎಷ್ಟೋ ಜನರಿಗೆ ಕ್ರಮೇಣ ಮೊದಲಿನಂತಾಗುತ್ತದೆ. ಹುಬ್ಬು, ರೆಪ್ಪೆ ಕೆಲವೊಮ್ಮೆ ಕೀಮೋದ ಕೊನೆಕೊನೆಗೆ ಉದುರುತ್ತವೆ. ಇನ್ನೇನು ಮುಗಿಯಿತು ಎನ್ನುವಾಗ ಹೀಗಾದರೆ ಹೆದರಬೇಡಿ, ಅವೂ ಬರುತ್ತವೆ. ಕೆಲವೇ ಕೆಲವರಿಗೆ ಕೆಲವು ಔಷಧಿಗಳಿಂದ ಮೊದಲಿನಷ್ಟು ದಟ್ಟವಾಗಿ ಬಾರದೆ ಇರುವುದುಂಟು. ಆರು ತಿಂಗಳಾದರೂ ಸರಿಯಾಗಿ ಬರದಿದ್ದರೆ ಡಾಕ್ಟರಿಗೆ ತೋರಿಸಿ.

ಎಣ್ಣೆಯ ಬಗ್ಗೆ ಹೇಳಲೇಬೇಕು. ನಮ್ಮ ಜಿಲ್ಲೆಯದೇ ಆದ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ಹಕ್ಕಿಪಿಕ್ಕಿ ಜನ ಕಾಯಿಸುವ ಕೂದಲೆಣ್ಣೆ ಈಗ ದೇಶದ ತುಂಬ ಹೆಸರಾಗಿದೆ. ಅವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಕೀಮೋದಿಂದ ಉದುರುವ ಕೂದಲನ್ನು ತಡೆಯುವ ಎಣ್ಣೆ, ಲೇಪ, ಸೊಪ್ಪು ಯಾವ ಊರಲ್ಲೂ ಇಲ್ಲ. ಬುಡ ಸತ್ತಿಲ್ಲ, ಸುಮ್ಮನೆ ಮಲಗಿದೆ. ಔಷಧಿ ನಿಂತ ಮೇಲೆ ತಾನೇ ಏಳುತ್ತದೆ. ಹಾಗೆ ತಾನಾಗಿ ಬಂದ ಕೂದಲಿನ ಕೀರ್ತಿ ಎಣ್ಣೆಯ ಬಾಟಲಿಗೆ ಹೋಗುತ್ತದೆ. ಸಾಲ ಮಾಡಿ ಚಿಕಿತ್ಸೆ ಕೊಡಿಸುತ್ತಿರುವ ಮನೆಯವರಿಗೆ "ಇದನ್ನು ತರಿಸು, ಅದನ್ನು ಹಚ್ಚು" ಎಂದು ಹೇಳುವ ಮೊದಲು ಒಂದು ಕ್ಷಣ ಯೋಚಿಸಿ. ಆ ದುಡ್ಡಿಗೆ ಮೊಟ್ಟೆ, ಹಾಲು, ಹಣ್ಣು ಬರುತ್ತದೆ. ನೆತ್ತಿ ಒಣಗಿದರೆ ಒಂದಿಷ್ಟು ಕೊಬ್ಬರಿ ಎಣ್ಣೆ ಸಾಕು. ಗರುಗ, ದಾಸವಾಳ ಎಂದು ಅರೆದು ಮೆತ್ತುವುದು ಕೀಮೋ ನಡೆಯುವಾಗ ಬೇಡವೇ ಬೇಡ. ಹೊಸ ಕೂದಲಿಗೆ ಬಣ್ಣ ಹಚ್ಚುವ ಆತುರವೂ ಬೇಡ.

ಕೂದಲು ಹೋಗುತ್ತದೆಂದು ಕೀಮೋವನ್ನೇ ಬೇಡ ಎನ್ನುವ ಅಕ್ಕಂದಿರು ಇದನ್ನು ಓದುತ್ತಿದ್ದರೆ ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ, ಹಾಗೆ ಮಾಡಬೇಡಿ. ಅರ್ಧಕ್ಕೆ ಬಿಟ್ಟುಬರುವುದಂತೂ ಇನ್ನೂ ಅಪಾಯ, ಮಿಕ್ಕ ಗಡ್ಡೆ ಮತ್ತೆ ಬೆಳೆದರೆ ಆಮೇಲೆ ಅದೇ ಔಷಧಿ ಕೇಳದೆ ಹೋಗಬಹುದು. ಕೀಮೋ ಹೊತ್ತಿನಲ್ಲಿ ನೆತ್ತಿಯನ್ನು ತಂಪಾಗಿಟ್ಟು ಕೂದಲು ಉಳಿಸಲು ನೋಡುವ ಟೋಪಿಯಂಥ ಯಂತ್ರ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿದೆ. ಖರ್ಚು ಹೆಚ್ಚು, ಎಲ್ಲರಿಗೂ ಫಲಿಸುವುದಿಲ್ಲ, ರಕ್ತದ ಕ್ಯಾನ್ಸರಿಗೆ ಅದನ್ನು ಬಳಸುವುದಿಲ್ಲ. ಚಿಕಿತ್ಸೆಯ ಖರ್ಚಿಗೆ ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡೂ ಇಲ್ಲ. ಮೈಸೂರಿಗಾಗಲಿ, ಬೆಂಗಳೂರಿನ ಕಿದ್ವಾಯಿಗಾಗಲಿ ಜೊತೆಗೊಬ್ಬರು ಹೋಗಿಬರುವುದು ಮೊದಲಿನಷ್ಟು ಕಷ್ಟವಲ್ಲ.

ಬಾಯಿಬಿಟ್ಟು ಮಾತಾಡುವವರು ನಮ್ಮಲ್ಲೇ ಇದ್ದಾರೆ. ಭಾರತಿ ಬಿ.ವಿ. ತಮ್ಮ ಸ್ತನ ಕ್ಯಾನ್ಸರಿನ ದಿನಗಳನ್ನು 'ಸಾಸಿವೆ ತಂದವಳು' ಪುಸ್ತಕದಲ್ಲಿ ಬರೆದಿದ್ದಾರೆ. ನಿಮ್ಮೂರಿನ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಕೇಳಿ ತರಿಸಿ. ಗಾಜನೂರಿನ ಮನೆತನದ ನಟ ಶಿವರಾಜ್‌ಕುಮಾರ್ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಕೀಮೋ ನಡುವೆಯೇ ಶೂಟಿಂಗ್ ಮಾಡಿದ್ದನ್ನು ಅವರೇ ಹೇಳಿಕೊಂಡರು. ಗಂಡಸರಿಗೇನು ಕೂದಲಿನ ಚಿಂತೆ ಎಂದು ನಾವು ಅಂದುಕೊಳ್ಳುತ್ತೇವೆ. ಮೀಸೆ, ಹುಬ್ಬು ಎರಡೂ ಹೋದ ಮುಖವನ್ನು ಕನ್ನಡಿಯಲ್ಲಿ ಕಂಡು ಜಮೀನಿನ ಕಡೆ ಹೋಗುವುದನ್ನೇ ಬಿಟ್ಟ ರೈತರೂ ಇದ್ದಾರೆ, ಅವರನ್ನು ಮನೆಗೆ ಹೋಗಿ ಮಾತಾಡಿಸಿ.

ಇನ್ನು ಮಕ್ಕಳು. ಮಕ್ಕಳಿಗೆ ಬರುವ ಕ್ಯಾನ್ಸರಲ್ಲಿ ರಕ್ತದ್ದೇ ಹೆಚ್ಚು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿದರೆ ಅದರಲ್ಲಿ ಬಹಳಷ್ಟು ವಾಸಿಯಾಗುವಂಥದ್ದು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಶಾಲೆಗೆ ಮರಳುವ ಹುಡುಗಿಗೆ ಲೆಕ್ಕ, ಇಂಗ್ಲಿಷಿಗಿಂತ ದೊಡ್ಡ ಭಯ ತಲೆಯದು. ನಮ್ಮ ಮೇಷ್ಟ್ರು, ಟೀಚರಮ್ಮಂದಿರಲ್ಲಿ ಕೇಳುವುದಿಷ್ಟೆ. ಆ ಮಗುವಿಗೆ ತರಗತಿಯೊಳಗೂ ಟೋಪಿ ಹಾಕಿಕೊಳ್ಳಲು ಬಿಡಿ, ಯೂನಿಫಾರ್ಮಿನ ನಿಯಮ ಹೇಳಬೇಡಿ. ಎರಡು ಜಡೆ ಕಡ್ಡಾಯ ಎನ್ನುವ ಶಾಲೆಗಳು ಅವಳ ಮುಂದೆ ಆ ಮಾತೆತ್ತದಿರಲಿ. ಅವಳು ಬರುವ ಹಿಂದಿನ ದಿನವೇ ಅವಳ ತರಗತಿಯವರನ್ನು ಕೂರಿಸಿಕೊಂಡು, ನಾಳೆ ಬರುವ ಗೆಳತಿಯ ಕೂದಲು ಔಷಧಿಯಿಂದ ಹೋಗಿದೆ, ಮತ್ತೆ ಬರುತ್ತದೆ, ಯಾರೂ ಟೋಪಿ ಎಳೆಯಬಾರದು, ನೆಗಡಿ ಜ್ವರ ಇದ್ದವರು ಅವಳಿಂದ ದೂರ ಕೂರಬೇಕು ಎಂದು ಹೇಳಿಬಿಡಿ. ಅವಳು ಮೊದಲು ಕೂರುತ್ತಿದ್ದ ಬೆಂಚಿನಲ್ಲೇ ಅವಳಿಗೆ ಜಾಗ ಇಟ್ಟಿರಿ.