ಮನೆವಾರ್ತೆ: ಹಳೆಯ ಕಂಪ್ಯೂಟರಿಗೂ ಬೇಕು ಆರೈಕೆ

ಮಿಕ್ಸಿಯ ಬ್ಲೇಡು ಮೊಂಡಾದರೆ ಸಾಣೆ ಹಿಡಿಸುತ್ತೇವೆ, ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಬೇರೆ ಹಾಕುತ್ತೇವೆ. ಅಷ್ಟಕ್ಕೇ ಹೊಸ ಕುಕ್ಕರು ತರುವ ಗೃಹಿಣಿ ಯಾರಿದ್ದಾರೆ ಹೇಳಿ? ಆದರೆ ಕಂಪ್ಯೂಟರಿನ ವಿಷಯ ಬಂದಾಗ ಮಾತ್ರ ನಾವು ಬೇಗ ಕೈಚೆಲ್ಲಿಬಿಡುತ್ತೇವೆ. "ಹತ್ತು ವರ್ಷದ್ದು, ಇನ್ನೇನಿದೆ ಅದರಲ್ಲಿ? ಹೊಸದು ತಗೊಳ್ಳಿ" ಎಂದು ಯಾರಾದರೂ ಅಂದರೆ ಸಾಕು, ಚೀಟಿ ಹಾಕಿ ಕೂಡಿಟ್ಟ ಹಣಕ್ಕೆ ಸಂಚಕಾರ! ಸ್ವಲ್ಪ ತಾಳಿ, ಸೋದರಿಯರೇ. ನಿಧಾನವಾಗಿದೆ ಎಂದ ಮಾತ್ರಕ್ಕೆ ಕೆಟ್ಟಿದೆ ಎಂದು ಅರ್ಥವಲ್ಲ.

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ನಮ್ಮ ಉಗ್ರಾಣ ಇದ್ದಂತೆ. ಫೋಟೋ, ಲೆಕ್ಕಪತ್ರ ಎಲ್ಲವೂ ಇರುವುದು ಅಲ್ಲೇ. ರ‍್ಯಾಮ್ ಎಂಬುದು ಅಡುಗೆಕಟ್ಟೆ. ಆಗಿನ ಕೆಲಸಕ್ಕೆ ಬೇಕಾದದ್ದನ್ನು ತಂದು ಅಲ್ಲಿ ಹರಡಿಕೊಳ್ಳುತ್ತದೆ. ಕಟ್ಟೆ ಚಿಕ್ಕದಾಗಿ ಸಾಮಾನು ಹೆಚ್ಚಾದರೆ ಏನಾಗುತ್ತೆ? ಒಂದು ಡಬ್ಬಿ ಒಳಗಿಟ್ಟು ಬಂದು ಇನ್ನೊಂದು ತರಬೇಕು. ಈ ಓಡಾಟದಲ್ಲೇ ಹೊತ್ತು ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಮಕ್ಕಳ ಫೋಟೋ, ಮದುವೆಯ ವಿಡಿಯೋ, ಮುಖ್ಯ ಕಾಗದಪತ್ರಗಳನ್ನು ಬೇರೆ ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲು ಮಾಡಿಟ್ಟುಕೊಳ್ಳಿ. ಒಳಗಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿದ್ದರಂತೂ ಈ ಕೆಲಸ ಇವತ್ತೇ ಆಗಲಿ. ಅದು ಹಾರ್ಡ್ ಡಿಸ್ಕ್ ಕೆಡುತ್ತಿರುವ ಸೂಚನೆ ಇರಬಹುದು. ಕಂಪ್ಯೂಟರು ಇನ್ನೊಂದು ಸಿಕ್ಕೀತು, ಮಗುವಿನ ಮೊದಲ ಹುಟ್ಟುಹಬ್ಬದ ಫೋಟೋ ಸಿಕ್ಕೀತೇ?

ಇನ್ನು ಖರ್ಚಿಲ್ಲದ ಉಪಾಯಗಳು. ಒಂದು ಸಲ 'ರೀಸ್ಟಾರ್ಟ್' ಕೊಡಿ. "ದಿನಾ ಆರಿಸ್ತೀವಲ್ಲ" ಅಂತೀರಾ? ವಿಂಡೋಸ್ 8ರಿಂದ ಈಚೆಗೆ 'ಶಟ್ ಡೌನ್' ಕೊಟ್ಟರೂ ಒಳಗಿನ ಸ್ಥಿತಿಯನ್ನು ಸ್ವಲ್ಪ ಉಳಿಸಿಕೊಂಡೇ ಮಲಗುವುದುಂಟು. ರೀಸ್ಟಾರ್ಟ್ ಕೊಟ್ಟಾಗಲೇ ಪೂರ್ತಿ ಹೊಸದಾಗಿ ಏಳುವುದು.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. 'ಟಾಸ್ಕ್ ಮ್ಯಾನೇಜರ್' ತೆರೆಯುತ್ತದೆ. ಪುಟ್ಟದಾಗಿ ಕಂಡರೆ 'ಮೋರ್ ಡೀಟೇಲ್ಸ್' ಒತ್ತಿ. ಅದರ 'ಸ್ಟಾರ್ಟಪ್' ಭಾಗದಲ್ಲಿ, ಬಾಗಿಲು ತೆರೆದ ಕೂಡಲೇ ಒಳನುಗ್ಗುವ ನೆಂಟರಂತೆ ಎಷ್ಟೊಂದು ಪ್ರೋಗ್ರಾಮುಗಳು! ನಿಮಗೆ ಗೊತ್ತಿರುವ, ಬೇಡದವುಗಳನ್ನು ಮಾತ್ರ 'ಡಿಸೇಬಲ್' ಮಾಡಿ. ಆಂಟಿವೈರಸ್ಸನ್ನು ಮುಟ್ಟಬೇಡಿ. ಹಾಗೆಂದು ಎರಡೆರಡು ಆಂಟಿವೈರಸ್ ಕೂಡ ಇರಬಾರದು. ಒಂದೇ ಒಲೆಗೆ ಇಬ್ಬರು ಅಡುಗೆಯವರಾದಂತೆ!

ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೂ ಯಂತ್ರ ಏದುಸಿರು ಬಿಡುತ್ತದೆ. ಸೆಟಿಂಗ್ಸ್‌ನ 'ಸ್ಟೋರೇಜ್'ನಲ್ಲಿ 'ಟೆಂಪರರಿ ಫೈಲ್ಸ್' ಅಳಿಸಬಹುದು. ಆದರೆ ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂದಿದ್ದರೆ ಅದಕ್ಕೆ ಗುರುತು ಹಾಕಬೇಡಿ. ನಿಮ್ಮ ಕರೆಂಟ್ ಬಿಲ್ಲು, ಅಂಕಪಟ್ಟಿ ಅಲ್ಲೇ ಇರಬಹುದು.

ಧೂಳಿನದೂ ದೊಡ್ಡ ಕಾಟ. ಫ್ಯಾನಿಗೆ ಧೂಳು ಮೆತ್ತಿಕೊಂಡರೆ ಬಿಸಿ ಹೊರಗೆ ಹೋಗದು. ಬಿಸಿ ಏರಿದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಮೇಜಿನ ಕಂಪ್ಯೂಟರಾದರೆ ಆರಿಸಿ, ಪ್ಲಗ್ ಕಿತ್ತು, ಮೆತ್ತನೆಯ ಒಣ ಬ್ರಷ್ಷಿನಿಂದ ಗಾಳಿಕಿಂಡಿಗಳನ್ನು ಶುಚಿ ಮಾಡಿ. ಒದ್ದೆ ಬಟ್ಟೆ ಸೋಂಕಿಸಬೇಡಿ. ಲ್ಯಾಪ್‌ಟಾಪನ್ನು ಮಾತ್ರ ತಿಳಿದವರೇ ಬಿಚ್ಚಲಿ. ಅದನ್ನು ಹಾಸಿಗೆಯ ಮೇಲಿಟ್ಟು ಬಳಸುವುದು ಬೇಡ, ಗಾಳಿಕಿಂಡಿ ಮುಚ್ಚಿಹೋಗುತ್ತದೆ.

ಇಷ್ಟಾದರೂ ಚುರುಕಾಗಲಿಲ್ಲವೇ? ಆಗ ಸ್ವಲ್ಪ ಖರ್ಚು ಮಾಡಿದರೂ ತಪ್ಪಿಲ್ಲ. ಆದರೆ ಯಾವುದಕ್ಕೆ ಎಂದು ನೋಡಿಕೊಳ್ಳಿ. ಟಾಸ್ಕ್ ಮ್ಯಾನೇಜರಿನ 'ಪರ್ಫಾರ್ಮೆನ್ಸ್' ಭಾಗದಲ್ಲಿ ಡಿಸ್ಕ್ ಬಹಳ ಹೊತ್ತು 100 ಶೇಕಡಾ ತೋರಿಸುತ್ತಿದ್ದು, ಇರುವುದು ಹಳೆಯ ಹಾರ್ಡ್ ಡಿಸ್ಕ್ ಆದರೆ, ಅದರ ಬದಲು ಎಸ್‌ಎಸ್‌ಡಿ ಹಾಕಿಸಿ. ಹಳೆಯದರಲ್ಲಿ ತಟ್ಟೆ ತಿರುಗಿ, ಸೂಜಿಯಂಥದು ಓಡಾಡಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ ಯಂತ್ರಕ್ಕೆ ಇಷ್ಟು ಎದ್ದುಕಾಣುವ ಗುಣ ಕೊಡುವ ಔಷಧಿ ಬೇರೊಂದಿಲ್ಲ. ಮೆಮೊರಿಯೇ ಸದಾ ತುಂಬಿರುತ್ತಿದ್ದರೆ, 4 ಜಿಬಿ ರ‍್ಯಾಮ್ ಇದ್ದಲ್ಲಿ 8ಕ್ಕೆ ಏರಿಸಬಹುದೇ ಎಂದು ಕೇಳಿ. ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ. ಮಾದರಿಯ ಹೆಸರು ಬರೆದುಕೊಂಡೇ ಅಂಗಡಿಗೆ ಹೋಗಿ.

ಇನ್ನೊಂದು ಮುಖ್ಯ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅನೇಕ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಒಗ್ಗುವುದಿಲ್ಲ. ಅಂಥ ಕಡೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಸಿಕೊಳ್ಳಬಹುದು. ಪತ್ರ ಬರೆಯಲು, ಮಕ್ಕಳ ಪಾಠ ನೋಡಲು ಧಾರಾಳವಾಗಿ ಸಾಕು. ರಕ್ಷಣೆಯ ಅಪ್‌ಡೇಟ್ ಬಾರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾತ್ರ ಬೇಡವೇ ಬೇಡ.

ನೆನಪಿಡಿ:
* "ಒಂದೇ ಕ್ಲಿಕ್ಕಿಗೆ ವೇಗ ಹೆಚ್ಚಿಸುತ್ತೇವೆ" ಎನ್ನುವ ಜಾಹೀರಾತು ನಂಬಬೇಡಿ. ವೇಗದ ಬದಲು ವೈರಸ್ ಬಂದೀತು.
* ಎಸ್‌ಎಸ್‌ಡಿ ಹಾಕಿಸುವಾಗ ಅಳತೆ, ವಾರಂಟಿ ಎರಡನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ.
* ಬಿಚ್ಚಿದ ಹಳೆಯ ಡಿಸ್ಕನ್ನು ಮನೆಗೆ ತನ್ನಿ. ಅದರೊಳಗೆ ನಿಮ್ಮ ಸಂಸಾರವೇ ಇದೆ!